ಕಾಲೇಜು ಆಟಗಾರನ ಖುರಾಕು ಯಾರ ಖರ್ಚು?

ಕಾಲೇಜಿನ ಪರವಾಗಿ ಆಡುವ ವಿದ್ಯಾರ್ಥಿಗೆ ಆಟಕ್ಕೆಂದು ಹಣ ಕೊಡಬೇಕೆ ಎಂಬ ಪ್ರಶ್ನೆ ಅಮೆರಿಕದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿ, ದಶಕಗಳ ಕಾಲ ಜಗ್ಗಾಡಿ, ಈಗ ಒಂದು ಹಂತಕ್ಕೆ ಬಂದು ನಿಂತಿದೆ. ಕರ್ನಾಟಕದಲ್ಲಿ ಅದು ಹೀಗೆ ನೇರವಾಗಿ ಚರ್ಚೆಗೆ ಬಂದದ್ದು ಕಡಿಮೆ. ಹಾಗೆಂದು ಇಲ್ಲಿಯ ಆಟದಲ್ಲಿ ಹಣವೇ ಇಲ್ಲ ಎನ್ನುವಂತಿಲ್ಲ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಹಗಲು ಕಾಲೇಜಿನ ಜರ್ಸಿ ತೊಟ್ಟು ಆಡುವ ಕಬಡ್ಡಿ ಹುಡುಗನಿಗೆ ಸಿಗುವುದು ಬಸ್ ಚಾರ್ಜು ಮತ್ತು ಊಟದ ದುಡ್ಡು. ಅದೇ ಹುಡುಗ ರಾತ್ರಿ ಹೊನಲು ಬೆಳಕಿನ ಪಂದ್ಯದಲ್ಲಿ ಪಕ್ಕದೂರಿನ ತರುಣ ಸಂಘಕ್ಕೆ ಆಡಿಕೊಟ್ಟರೆ ಕೈಗೆ ನೋಟು ಬರುತ್ತದೆ. ಇದೇ ಸೀಮೆಯ ತಿಳವಳ್ಳಿಯಂಥ ಊರಿನಲ್ಲಿ ನಿಂತು ನೋಡಿದರೆ ಈ ಪ್ರಶ್ನೆಯ ಮುಖವೇ ಬೇರೆ. ಆಟಗಾರನಿಗೆ ಸಂಬಳ ಎಷ್ಟು ಎಂದು ಕೇಳುವ ಮೊದಲು ಅವನ ದೇಹದ ಖರ್ಚು ಯಾರದು ಎಂಬುದು ಇತ್ಯರ್ಥವಾಗಬೇಕು.

ಆಟಗಾರನನ್ನು ಸಾಕುವುದು ಈ ಸೀಮೆಗೆ ಹೊಸದಲ್ಲ. ಗರಡಿ ಮನೆಯ ಪೈಲ್ವಾನನಿಗೆ ಹಾಲು, ತುಪ್ಪ, ಬಾದಾಮಿ ಸೇರಿದ ಖುರಾಕು ಬೇಕು. ಅದನ್ನು ಒಂದು ಬಡ ಮನೆ ಪೂರ್ತಿ ಹೊರಲಾರದು ಎಂಬುದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆದ್ದರಿಂದ ಉಳ್ಳವರು ಕೈಹಚ್ಚುತ್ತಿದ್ದರು. ಕೊಲ್ಹಾಪುರದ ಶಾಹು ಮಹಾರಾಜರು ಇದನ್ನು ಸಂಸ್ಥಾನದ ಕೆಲಸವನ್ನಾಗಿಯೇ ಮಾಡಿಕೊಂಡರು: ಪೈಲ್ವಾನರಿಗೆ ಆಶ್ರಯ ಕೊಟ್ಟರು, 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು. ಮೈಸೂರಿನಲ್ಲಿ ಒಡೆಯರು ಜಟ್ಟಿಗಳನ್ನು ಪೋಷಿಸಿದರು. ಜಾತ್ರೆಯ ಜಂಗೀ ನಿಕಾಲಿ ಕುಸ್ತಿಯಲ್ಲಂತೂ ಇನಾಮನ್ನು ಕಣದಲ್ಲೇ, ಹಲಗೆಯ ಸದ್ದಿನ ನಡುವೆ, ಕೊಟ್ಟವರ ಹೆಸರು ಕೂಗಿ ಹೇಳಿ ಗೆದ್ದವನ ಕೈಗಿಡುತ್ತಾರೆ. ಪೈಲ್ವಾನ ದುಡ್ಡು ಇಸಿದುಕೊಂಡ ಎಂದು ಅವನ ಮರ್ಯಾದೆಗೆ ಕುಂದು ಬಂದದ್ದಿಲ್ಲ.

ಈ ಪದ್ಧತಿಯಲ್ಲಿ ಎರಡು ಪಾವತಿಗಳಿದ್ದವು. ಗೆದ್ದವನಿಗೆ ಇನಾಮು, ಗೆಲ್ಲಲಿ ಬಿಡಲಿ, ತಾಲೀಮು ಮಾಡುವವನಿಗೆ ಖುರಾಕು. ಕಾಲೇಜು ಬಂದ ಮೇಲೆ ಇನಾಮು ಸವೆದು ಸವೆದು ಕಪ್ಪು ಮತ್ತು ಪ್ರಮಾಣಪತ್ರವಾಗಿ ಉಳಿಯಿತು. ಖುರಾಕು ಪೂರ್ತಿಯಾಗಿ ಬಿಟ್ಟುಹೋಯಿತು.

ಇದೇ ಸೀಮೆಯ ಇನ್ನೊಂದು ಆಟ ಹಣ ಮತ್ತು ಗಾಯ ಹೇಗೆ ಹಂಚಿಹೋಗುತ್ತವೆ ಎಂಬುದನ್ನು ಇನ್ನೂ ಬಿಚ್ಚಿ ತೋರಿಸುತ್ತದೆ. ದೀಪಾವಳಿಯಿಂದ ಶುರುವಾಗುವ ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಬೈಕು, ಬಂಗಾರದಂಥ ದೊಡ್ಡ ಬಹುಮಾನಗಳು ಹೋರಿಯ ಮಾಲೀಕನಿಗೆ. ಓಡುವ ಹೋರಿಗೆ ಜೋತುಬಿದ್ದ ತರುಣನಿಗೆ ಕೊರಳಿನ ಕೊಬ್ಬರಿ ಸರ. ಗಾಯಗೊಂಡವರ, ಕೆಲವು ವರ್ಷ ಪ್ರಾಣ ಕಳೆದುಕೊಂಡವರ ಸುದ್ದಿ ಪತ್ರಿಕೆಗಳ ಹಾವೇರಿ ಪುಟದಲ್ಲಿ ಬರುತ್ತಲೇ ಇರುತ್ತದೆ. ಆ ತರುಣರಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇರುತ್ತಾರೆ. ಇಲ್ಲಿ ಹಣಕ್ಕೆ ಒಬ್ಬ ವಾರಸುದಾರ, ಗಾಯಕ್ಕೆ ಇನ್ನೊಬ್ಬ.

ಹಣ ಮುಟ್ಟದ ಆಟಗಾರನೇ ಶುದ್ಧ ಆಟಗಾರ ಎಂಬ ನಂಬಿಕೆ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. 1879ರಲ್ಲಿ ಹೆನ್ಲಿ ದೋಣಿ ಪಂದ್ಯದ ಸಂಘಟಕರು ಹವ್ಯಾಸಿ ಯಾರು ಎಂದು ನಿಯಮ ಬರೆದಾಗ ಹಣಕ್ಕಾಗಿ ಆಡಿದವರನ್ನಷ್ಟೇ ಹೊರಗಿಡಲಿಲ್ಲ. ಕೈಕಸುಬಿನವರನ್ನೂ ಕೂಲಿಕಾರರನ್ನೂ ಹೊರಗಿಟ್ಟರು. ಆ ನಿಯಮವನ್ನು ಹಾನಗಲ್ಲ ತಾಲೂಕಿಗೆ ಹಚ್ಚಿದರೆ ರಜೆಯಲ್ಲಿ ಗೋವಿನಜೋಳ ಮುರಿಯಲು ಹೋಗುವ ಒಬ್ಬ ವಿದ್ಯಾರ್ಥಿಯೂ ಅಂಕಣಕ್ಕೆ ಇಳಿಯುವಂತಿಲ್ಲ. ಕ್ರಿಕೆಟ್ಟಿನಲ್ಲಿ ದುಡ್ಡು ಪಡೆಯದ 'ಜಂಟಲ್‌ಮನ್' ಮತ್ತು ದುಡ್ಡು ಪಡೆಯುವ 'ಪ್ಲೇಯರ್' ಎಂಬ ಭೇದವನ್ನು ಇಂಗ್ಲೆಂಡು ಕೈಬಿಟ್ಟದ್ದು 1962ರಲ್ಲಿ. ಅಷ್ಟರೊಳಗೆ ಅದರ ಛಾಯೆ ಒಲಿಂಪಿಕ್ಸಿನ ಮೇಲೆ ಬಿದ್ದಾಗಿತ್ತು. ಅಮೆರಿಕದ ಮೂಲನಿವಾಸಿ ವಿದ್ಯಾರ್ಥಿ ಜಿಮ್ ಥಾರ್ಪ್ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಪೆಂಟಾಥ್ಲಾನ್ ಮತ್ತು ಡೆಕಾಥ್ಲಾನ್ ಎರಡನ್ನೂ ಗೆದ್ದ. ರಜೆಯಲ್ಲಿ ಅಲ್ಪ ಹಣಕ್ಕೆ ಬೇಸ್‌ಬಾಲ್ ಆಡಿದ್ದನೆಂದು ಮರುವರ್ಷ ಅವನ ಪದಕಗಳನ್ನು ಕಿತ್ತುಕೊಂಡರು. ಆ ಎರಡೂ ಸ್ಪರ್ಧೆಗಳ ಏಕೈಕ ವಿಜೇತ ಅವನೇ ಎಂದು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಪ್ಪಿಕೊಂಡಾಗ 2022ನೇ ಇಸವಿ. ಥಾರ್ಪ್ ಸತ್ತು ಎಪ್ಪತ್ತು ವರ್ಷವಾಗುತ್ತ ಬಂದಿತ್ತು.

ಕಾಲೇಜು ಆಟದಲ್ಲಿ ಈ ನಂಬಿಕೆ ಹೆಚ್ಚು ಕಾಲ ಬಾಳಿದ್ದು ಅಮೆರಿಕದಲ್ಲಿ. ಅಲ್ಲಿಯ ಕಾಲೇಜು ಆಟಗಳನ್ನು ಆಳುವ ಎನ್‌ಸಿಎಎ ಸಂಸ್ಥೆ 1906ರಲ್ಲಿ ಹುಟ್ಟಿತು. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಎಂಬ ಫುಟ್‌ಬಾಲ್ ಆಟಗಾರ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಕೆಲಸದಲ್ಲಿ ಸತ್ತ ಕಾರ್ಮಿಕನಿಗೆ ಸಿಗುವ ಪರಿಹಾರವನ್ನು ಅವನ ಹೆಂಡತಿ ಕೇಳಿದಳು. ಕಾಲೇಜು ಫುಟ್‌ಬಾಲ್ ವ್ಯಾಪಾರ ನಡೆಸುತ್ತಿಲ್ಲ, ಆದ್ದರಿಂದ ಅವನು ನೌಕರನಲ್ಲ ಎಂದು 1957ರಲ್ಲಿ ಕೊಲರಾಡೊದ ಸರ್ವೋಚ್ಚ ನ್ಯಾಯಾಲಯ ಅರ್ಜಿ ತಳ್ಳಿಹಾಕಿತು. ಆಟಗಾರರನ್ನು 'ವಿದ್ಯಾರ್ಥಿ ಕ್ರೀಡಾಪಟು' ಎಂದೇ ಕರೆಯಬೇಕೆಂದು ಎನ್‌ಸಿಎಎ ಪಟ್ಟು ಹಿಡಿದದ್ದು ಇಂಥ ಪರಿಹಾರದ ದಾವೆಗಳ ಭಯದಿಂದ. ಅಮೆರಿಕದ ವಾದ ಆರಂಭವಾದದ್ದೇ ಗಾಯ ಮತ್ತು ಸಾವಿನ ಹೊಣೆಯಿಂದ ಎಂಬುದನ್ನು ಇಲ್ಲಿಯವರು ಗಮನಿಸುವುದು ಅಗತ್ಯ. ಟಿ.ವಿ. ಹಣದ ಜಗಳ ಆಮೇಲಿನದು.

ಆ ಹಣವೂ ಸಣ್ಣದಲ್ಲ. ಮಾರ್ಚ್ ತಿಂಗಳ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯೊಂದರ ಪ್ರಸಾರ ಹಕ್ಕಿನಿಂದಲೇ ವರ್ಷಕ್ಕೆ ಸುಮಾರು 110 ಕೋಟಿ ಡಾಲರ್ ಬರುತ್ತದೆ. ದೊಡ್ಡ ವಿಶ್ವವಿದ್ಯಾಲಯಗಳ ಫುಟ್‌ಬಾಲ್ ತರಬೇತುದಾರರಲ್ಲಿ ಕೆಲವರ ಸಂಬಳ ವರ್ಷಕ್ಕೆ 1 ಕೋಟಿ ಡಾಲರ್ ಮೀರಿದೆ. ಕುಣಿದವನಿಗೆ ಕೂಳಿಲ್ಲ, ಕುಣಿಸಿದವನಿಗೆ ಕೋಟಿ ಎಂಬ ಈ ಸ್ಥಿತಿ ಕೋರ್ಟಿನಲ್ಲಿ ನಿಲ್ಲಲಿಲ್ಲ. 2021ರ ಜೂನಿನಲ್ಲಿ ಆಲ್‌ಸ್ಟನ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ, ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಎನ್‌ಸಿಎಎ ಮಿತಿ ಹಾಕುವಂತಿಲ್ಲ ಎಂದರು. ಮರುತಿಂಗಳಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಗಳಿಸಬಹುದಾಯಿತು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿಗೆ ಕೊಟ್ಟ ರಾಜಿಯ ಪ್ರಕಾರ ಹಳೆಯ ಆಟಗಾರರಿಗೆ ಸುಮಾರು 280 ಕೋಟಿ ಡಾಲರ್ ಬಾಕಿ ಕೊಡಬೇಕು. ಮುಂದೆ ಪ್ರತಿಯೊಂದು ವಿಶ್ವವಿದ್ಯಾಲಯವೂ ಮೊದಲ ವರ್ಷ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು.

ಈ ಮಾದರಿಯನ್ನು ಹಾವೇರಿ ಜಿಲ್ಲೆಗೆ ಹಾಗೇ ಎತ್ತಿ ತರಲಾಗದು. ಅಂತರ ಕಾಲೇಜು ಕಬಡ್ಡಿಗೆ ಟಿಕೆಟ್ ಇಲ್ಲ, ಪ್ರಸಾರ ಹಕ್ಕಿಲ್ಲ, ನೋಡುವವರು ಆತಿಥ್ಯ ವಹಿಸಿದ ಕಾಲೇಜಿನ ಹುಡುಗರು ಮತ್ತು ಆಚೆ ಬೇಲಿಯ ಮೇಲೆ ಕುಳಿತ ನಾಲ್ಕಾರು ಮಂದಿ. ಹಂಚಲು ಲಾಭವೇ ಇಲ್ಲದ ಕಡೆ ಲಾಭದ ಪಾಲು ಕೇಳುವುದು ಅರ್ಥವಿಲ್ಲದ ಮಾತು. ಕಾಲೇಜಿಗೆ ಆಟದಿಂದ ಏನೂ ಸಿಗುವುದಿಲ್ಲ ಎಂದು ಮಾತ್ರ ತಿಳಿಯಬಾರದು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ವಿಶ್ವವಿದ್ಯಾಲಯ ಮಟ್ಟದ ಪದಕಗಳು ಅಂಕವಾಗುತ್ತವೆ. ಪ್ರವೇಶದ ಕಾಲಕ್ಕೆ ಗೇಟಿನ ಫ್ಲೆಕ್ಸಿನಲ್ಲಿ ಅದೇ ಹುಡುಗನ ಫೋಟೊ ನಿಲ್ಲುತ್ತದೆ. ಅಮೆರಿಕದವರ ಭಾಷೆಯಲ್ಲಿ ಅದೂ ಹೆಸರು ಮತ್ತು ಚಿತ್ರದ ಬಳಕೆಯೇ.

ಭಾರತದಲ್ಲಿ ಒಂದು ಆಟ ಈ ಪ್ರಶ್ನೆಯನ್ನು ಚರ್ಚೆಯಿಲ್ಲದೆ ದಾಟಿಹೋಗಿದೆ. ಅನಿಲ್ ಕುಂಬ್ಳೆ ಎಂಜಿನಿಯರಿಂಗ್ ಓದುತ್ತಿರುವಾಗಲೇ 1990ರಲ್ಲಿ ದೇಶಕ್ಕೆ ಆಡಿದರು. ವಿದ್ಯಾರ್ಥಿಯೊಬ್ಬ ಪಂದ್ಯದ ಶುಲ್ಕ ಪಡೆಯಬಹುದೆ ಎಂದು ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. 2021ರಲ್ಲಿ ಬಿಸಿಸಿಐ ದೇಶಿ ಕ್ರಿಕೆಟ್ಟಿನ ಶುಲ್ಕ ಏರಿಸಿದಾಗ 19 ವರ್ಷದೊಳಗಿನ ಹುಡುಗರಿಗೆ ದಿನಕ್ಕೆ ₹20,000, 23 ವರ್ಷದೊಳಗಿನವರಿಗೆ ₹25,000 ನಿಗದಿಯಾಯಿತು. ಇವರಲ್ಲಿ ಅನೇಕರು ಯಾವುದೋ ಕಾಲೇಜಿನ ಹಾಜರಿ ಪುಸ್ತಕದಲ್ಲಿರುವ ವಿದ್ಯಾರ್ಥಿಗಳೇ. ದುಡ್ಡು ಮುಟ್ಟಿದರೆ ಓದು ಕೆಡುತ್ತದೆ ಎಂಬ ಉಪದೇಶ ಕಬಡ್ಡಿ, ಕುಸ್ತಿ, ಖೊಖೊ ಹುಡುಗರಿಗಷ್ಟೇ ಮೀಸಲಾಗಿರುವಂತೆ ಕಾಣುತ್ತದೆ.

ಇನ್ನು ಖರ್ಚಿನ ಲೆಕ್ಕ. ತಿಳವಳ್ಳಿ ಹಾನಗಲ್ಲ ತಾಲೂಕಿನ ದಕ್ಷಿಣದ ಅಂಚಿನ ಕಡೆಗಿರುವ ಊರು. ದಾಟಿದರೆ ಶಿವಮೊಗ್ಗ ಜಿಲ್ಲೆಯ ಆನವಟ್ಟಿ ಸೀಮೆ. ಇಂಥ ಊರಿನಿಂದ ಬಸ್ಸಿನಲ್ಲಿ ಕಾಲೇಜಿಗೆ ಹೋಗಿಬರುವ ಕಬಡ್ಡಿ ಆಟಗಾರನೊಬ್ಬನ ದಿನವನ್ನು ತೆಗೆದುಕೊಳ್ಳಬಹುದು. ಬೆಳಿಗ್ಗೆ ಹೊಲದ ಅಥವಾ ದನದ ಕೆಲಸ, ಆಮೇಲೆ ತರಗತಿ, ಸಂಜೆ ದೈಹಿಕ ಶಿಕ್ಷಣ ನಿರ್ದೇಶಕರು ನಿಲ್ಲಿಸಿಕೊಂಡು ಮಾಡಿಸುವ ಅಭ್ಯಾಸ. ಅಭ್ಯಾಸ ಮುಗಿಯುವಷ್ಟರಲ್ಲಿ ಊರಿನ ಬಸ್ಸು ಹೋಗಿರುತ್ತದೆ. ಸಿಕ್ಕ ಟಂಟಂ ಹತ್ತಿ ಮನೆ ಮುಟ್ಟಿದಾಗ ಕಾದಿರುವುದು ರೊಟ್ಟಿ ಅಥವಾ ಅನ್ನ, ಸಾರು, ಪಲ್ಯ. ಮೈ ಹಣ್ಣಾಗುವಂತೆ ಆಡಿದವನಿಗೆ ಅದು ಸಾಲದು. ದಿನಕ್ಕೆ ಒಂದು ಲೀಟರ್ ಹಾಲು, ನಾಲ್ಕು ಮೊಟ್ಟೆ, ಎರಡು ಹಿಡಿ ಶೇಂಗಾ, ನೆನೆಸಿದ ಕಡಲೆ, ಬಾಳೆಹಣ್ಣು ಎಂದು ಕೈ ಬಿಗಿಹಿಡಿದು ಲೆಕ್ಕ ಹಾಕಿದರೂ ನೂರು ರೂಪಾಯಿ ಬೇಕು. ತಿಂಗಳಿಗೆ ₹3,000. ಬೂಟು, ಮೊಣಕಾಲಿನ ಕ್ಯಾಪು, ಉಳುಕಿದಾಗಿನ ಮುಲಾಮು ಇದರ ಮೇಲೆ.

ಬಿಟ್ಟುಹೋಗುವ ಕೂಲಿಯದು ಇನ್ನೊಂದು ಲೆಕ್ಕ. ಅಂತರ ಕಾಲೇಜು ಪಂದ್ಯಗಳು ಮತ್ತು ಅವುಗಳ ಆಯ್ಕೆ ಶಿಬಿರಗಳು ಹೆಚ್ಚಾಗಿ ಬರುವುದು ಸುಗ್ಗಿಯ ಹಿಂದುಮುಂದು. 2025-26ರಲ್ಲಿ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ ₹370 ಇತ್ತು. ಸುಗ್ಗಿಯಲ್ಲಿ ಗಂಡಾಳಿನ ದರ ಅದಕ್ಕಿಂತ ಕಡಿಮೆ ಇರುವುದು ವಿರಳ. ಹತ್ತು ದಿನದ ಶಿಬಿರಕ್ಕೆ ಹೋದ ಹುಡುಗನ ಮನೆಗೆ ಆ ಹತ್ತು ದಿನ ನಿಜವಾದ ನಷ್ಟ. 'ಆಡಿ ಏನ್ ತರ್ತಿ?' ಎಂದು ತಂದೆ ಕೇಳಿದರೆ ಅದು ಆಟದ ಮೇಲಿನ ತಾತ್ಸಾರವಲ್ಲ, ಮನೆ ನಡೆಸುವವನ ಲೆಕ್ಕಾಚಾರ.

ಗಾಯದ್ದು ಮೂರನೆಯ ಲೆಕ್ಕ. ರೈಡರನನ್ನು ಹಿಡಿಯುವಾಗ ಮೊಣಕಾಲು ತಿರುಚಿ ಒಳಗಿನ ಲಿಗಮೆಂಟ್ ಹರಿಯುವುದು ಕಬಡ್ಡಿಯಲ್ಲಿ ಸಾಮಾನ್ಯ. ಹುಬ್ಬಳ್ಳಿಗೆ ಓಡಾಟ, ಸ್ಕ್ಯಾನಿಂಗು, ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ವ್ಯಾಯಾಮ ಎಂದರೆ ಒಂದು ಸಣ್ಣ ಹಿಡುವಳಿಯ ಮನೆ ಸಾಲಕ್ಕೆ ಬೀಳುತ್ತದೆ. ಕಾಲು ಸರಿಯಾಗದಿದ್ದರೆ ಅವನು ಆಟವನ್ನಷ್ಟೇ ಅಲ್ಲ, ಪೊಲೀಸ್ ಮತ್ತು ಸೈನ್ಯ ಭರ್ತಿಯ ಓಟವನ್ನೂ ಕಳೆದುಕೊಂಡಂತೆ. ಈ ಸೀಮೆಯ ಹುಡುಗರು ಆಟಕ್ಕೆ ಮೈ ಒಡ್ಡುವುದೇ ಬಹುಮಟ್ಟಿಗೆ ಆ ಭರ್ತಿಯ ಆಸೆಯಿಂದ.

ಹೊನಲು ಬೆಳಕಿನ ಪಂದ್ಯಾವಳಿಗಳು ಈ ಬಿರುಕಿನಲ್ಲಿ ಹುಟ್ಟಿಕೊಂಡ ಮಾರುಕಟ್ಟೆ. ಕರಪತ್ರ ನೋಡಿದರೆ ಎಲ್ಲ ತಿಳಿಯುತ್ತದೆ: ಮೇಲೆ ಊರ ದೇವರ ಹೆಸರು, ಕೆಳಗೆ ಇಂತಿಷ್ಟು ಕೆ.ಜಿ. ವಿಭಾಗ, ಪ್ರವೇಶ ಶುಲ್ಕ, ಒಂದರಿಂದ ನಾಲ್ಕನೆಯ ಬಹುಮಾನ, ಪ್ರತಿಯೊಂದರ ಮುಂದೆ ಕೊಟ್ಟವರ ಹೆಸರು, ಕೊನೆಗೆ ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್, 'ನಿರ್ಣಾಯಕರ ತೀರ್ಮಾನವೇ ಅಂತಿಮ'. ತೂಕಕ್ಕೆ ಸರಿಹೊಂದುವ ಒಳ್ಳೆಯ ಆಟಗಾರ ಕಾಲೇಜಿನಲ್ಲಿದ್ದರೆ ಅವನಿಗೆ ಫೋನು ಹೋಗುತ್ತದೆ. ನಸುಕಿನವರೆಗೆ ಆಡಿ, ಬಹುಮಾನದ ಪಾಲು ಇಸಿದುಕೊಂಡು, ನಿದ್ದೆಗಣ್ಣಿನಲ್ಲಿ ಅವನು ತರಗತಿಗೆ ಬರುತ್ತಾನೆ ಅಥವಾ ಬರುವುದಿಲ್ಲ. ಇದನ್ನು ಶಿಸ್ತುಭಂಗವೆಂದು ಬೈಯುವ ಕಾಲೇಜುಗಳಿವೆ. ಕಾಲೇಜು ಕೊಡದ ಖುರಾಕನ್ನು ಅವನು ರಾತ್ರಿ ದುಡಿದು ತರುತ್ತಿದ್ದಾನೆ ಎಂಬುದು ಆ ಬೈಗುಳದಲ್ಲಿ ಮರೆತುಹೋಗುತ್ತದೆ. ಇದರಾಚೆಗೆ ಪ್ರೊ ಕಬಡ್ಡಿಯ ಕನಸು. 2014ರ ಮೊದಲ ಹರಾಜಿನಲ್ಲಿ ರಾಕೇಶ್ ಕುಮಾರ್‌ಗೆ ಸಿಕ್ಕ ₹12.80 ಲಕ್ಷವೇ ದೊಡ್ಡ ಮೊತ್ತ. 2023ರಲ್ಲಿ ಪವನ್ ಸೆಹ್ರಾವತ್ ₹2.60 ಕೋಟಿ ದಾಟಿದರು. ಆ ಎತ್ತರಕ್ಕೆ ಏರುವವರು ಬೆರಳೆಣಿಕೆ. ಆಸೆ ಮಾತ್ರ ಪ್ರತಿ ಊರಿನ ಅಂಕಣದಲ್ಲೂ ಇದೆ.

ಕರ್ನಾಟಕದಲ್ಲಿ ಆಟಗಾರನ ಖರ್ಚನ್ನು ವಿದ್ಯಾಸಂಸ್ಥೆಯೇ ಹೊತ್ತುಕೊಂಡ ಉದಾಹರಣೆ ಮೂಡಬಿದಿರೆಯದು. ಡಾ. ಎಂ. ಮೋಹನ ಆಳ್ವ ಅವರ ಆಳ್ವಾಸ್ ಸಂಸ್ಥೆ ಕ್ರೀಡಾ ದತ್ತು ಯೋಜನೆಯಡಿ ಆಟಗಾರರಿಗೆ ಶಿಕ್ಷಣ, ಊಟ, ವಸತಿ, ತರಬೇತಿಯನ್ನು ಉಚಿತವಾಗಿ ಕೊಡುತ್ತ ಬಂದಿದೆ. ಸಂಬಳವೆಂಬ ಮಾತಿಲ್ಲ, ಖುರಾಕು ಪೂರ್ತಿ ಇದೆ. ಶಾಹು ಮಹಾರಾಜರ ಪದ್ಧತಿಗೆ ಹಾಸ್ಟೆಲಿನ ರೂಪ ಕೊಟ್ಟಂತೆ. ಫಲವೂ ಕಣ್ಣೆದುರಿಗಿದೆ. 2020ರ ಜನವರಿಯಲ್ಲಿ ಮೂಡಬಿದಿರೆಯಲ್ಲೇ ನಡೆದ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಮಂಗಳೂರು ವಿಶ್ವವಿದ್ಯಾಲಯ ಸಮಗ್ರ ಪ್ರಶಸ್ತಿ ಗೆದ್ದಾಗ ತಂಡದ ಬೆನ್ನೆಲುಬು ಈ ಹಾಸ್ಟೆಲಿನ ಮಕ್ಕಳೇ. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೊ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದಲ್ಲಿ 20 ಚಿನ್ನ ಗೆದ್ದು ಮೊದಲ ಸ್ಥಾನಕ್ಕೆ ಬಂದದ್ದು ಖಾಸಗಿ ಜೈನ್ ವಿಶ್ವವಿದ್ಯಾಲಯ. ಪ್ರತಿಭೆ ಹಳ್ಳಿಗಳಲ್ಲಿದೆ, ಅದನ್ನು ಸಾಕುವ ಶಕ್ತಿ ಕೆಲವೇ ಸಂಸ್ಥೆಗಳಲ್ಲಿದೆ. ಗುರುತಿಸಿ ಬೆಳೆಸಿದ ಗ್ರಾಮೀಣ ಕಾಲೇಜಿಗೆ ಕೊನೆಯಲ್ಲಿ ಉಳಿಯುವುದು ವರ್ಗಾವಣೆ ಪತ್ರದ ಒಂದು ಪ್ರತಿ.

ಕಾಲೇಜುಗಳು ಹಣ ಕೊಡಬಾರದು ಎನ್ನುವವರ ಬಲವಾದ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಕೊಡಲು ಬಿಟ್ಟರೆ ಉಳ್ಳ ಸಂಸ್ಥೆ ಆಟಗಾರರನ್ನು ಕೊಂಡುಕೊಳ್ಳುತ್ತದೆ, ಸಣ್ಣ ಕಾಲೇಜಿನ ತಂಡ ಬರಿದಾಗುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಅದು ಈಗಾಗಲೇ ನಡೆದಿದೆ. ಆಟಗಾರರನ್ನು ಉಳಿಸಿಕೊಳ್ಳಲು ಹಾವೇರಿ ಜಿಲ್ಲೆಯ ಕಾಲೇಜುಗಳು ವಿಶ್ವವಿದ್ಯಾಲಯದ ಆಸರೆಯನ್ನೂ ನೆಚ್ಚುವಂತಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ನೆರಳಿನಲ್ಲಿದ್ದ ಕಾಲೇಜುಗಳು 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯ ಆರಂಭವಾದ ಮೇಲೆ ಅದರ ಹೆಸರಿನಲ್ಲಿ ಆಡಬೇಕಾಯಿತು. ಎರಡೇ ವರ್ಷದಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದಿಂದಲೇ ಬಂತು. ತನ್ನ ಉಳಿವೇ ಗಟ್ಟಿಯಿಲ್ಲದ ವಿಶ್ವವಿದ್ಯಾಲಯ ಆಟಗಾರನ ಹಾಲಿಗೆ ಹಣ ಹೊಂದಿಸೀತೆಂದು ಕಾದು ಕೂರುವಂತಿಲ್ಲ.

ಎರಡನೆಯ ಆಕ್ಷೇಪ ನಿಯಮದ್ದು. ಅಂತರ ವಿಶ್ವವಿದ್ಯಾಲಯ ಪಂದ್ಯಗಳಲ್ಲಿ ಆಡುವವನು ಪೂರ್ಣಾವಧಿ ವಿದ್ಯಾರ್ಥಿಯಾಗಿರಬೇಕು, ಪೂರ್ಣಾವಧಿ ನೌಕರನಾಗಿರಬಾರದು. ಕಾಲೇಜೇ ಸಂಬಳ ಕೊಟ್ಟು ನೌಕರನನ್ನಾಗಿ ಮಾಡಿದರೆ ಅವನು ಆಡುವ ಅರ್ಹತೆಯನ್ನೇ ಕಳೆದುಕೊಳ್ಳಬಹುದು. ಪೋಷಣಾ ಭತ್ಯೆಗೆ ಈ ತೊಡಕಿಲ್ಲ. ಕೇಂದ್ರ ಸರ್ಕಾರವೇ ಖೇಲೊ ಇಂಡಿಯಾ ಯೋಜನೆಗೆ ಆಯ್ಕೆಯಾದವರಿಗೆ ವರ್ಷಕ್ಕೆ ತಲಾ ₹6.28 ಲಕ್ಷ ತೆಗೆದಿಡುತ್ತದೆ. ಅದರಲ್ಲಿ ತಿಂಗಳಿಗೆ ₹10,000ದಂತೆ ₹1.20 ಲಕ್ಷ ಕೈಖರ್ಚಿಗೆ. ಅವರು ವಿದ್ಯಾರ್ಥಿಗಳಾಗಿಯೇ ಉಳಿಯುತ್ತಾರೆ. ಹಾಗಿರುವಾಗ ಕಾಲೇಜು ಹುಡುಗನಿಗೆ ಹಣ ಕೊಡುವುದು ಸರಿಯೆ ಎಂಬ ತಾತ್ವಿಕ ಪ್ರಶ್ನೆ ಮುಗಿದಂತೆಯೇ. ಕೆಲವರಿಗೆ ಮಾತ್ರ ಯಾಕೆ ಎಂಬುದಷ್ಟೇ ಉಳಿದಿದೆ.

ಸರ್ಕಾರದ ಕೈ ಸಾಮಾನ್ಯವಾಗಿ ಬಿಚ್ಚುವುದು ಗೆದ್ದ ಮೇಲೆ. ಶಿಗ್ಗಾಂವಿಯ ಶಾಸಕರಾಗಿದ್ದ ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ ಪ್ಯಾರಿಸ್ ಒಲಿಂಪಿಕ್ಸ್ ಗುರಿಯಾಗಿಟ್ಟು 75 ಕ್ರೀಡಾಪಟುಗಳನ್ನು ದತ್ತು ಪಡೆಯುವ ಅಮೃತ ಕ್ರೀಡಾ ದತ್ತು ಯೋಜನೆ ಬಂತು. ಗೆಲ್ಲುವ ಮೊದಲೇ ಸಾಕಬೇಕು ಎಂಬ ತಿಳಿವಳಿಕೆ ಅದರಲ್ಲಿತ್ತಾದರೂ ತುದಿಯ 75 ಮಂದಿಗಷ್ಟೇ ಅದು ಮುಟ್ಟುವಂಥದ್ದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತ ತಂಡಗಳಲ್ಲಿದ್ದ ಕರ್ನಾಟಕದ ಎಂ.ಕೆ. ಗೌತಮ್ ಮತ್ತು ಬಿ. ಚೈತ್ರಾ, ರಾಜ್ಯ ಸರ್ಕಾರ ಪ್ರಕಟಿಸಿದ ತಲಾ ₹5 ಲಕ್ಷವನ್ನು ಒಲ್ಲೆವೆಂದರು. ನೆರೆಯ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೋಟಿಗಳಲ್ಲಿ ಬಹುಮಾನವನ್ನೂ ನೌಕರಿಯನ್ನೂ ಕೊಟ್ಟಾಗ ಇಲ್ಲಿಯ ಮೊತ್ತ ಅವಮಾನದಂತೆ ಕಂಡದ್ದು ಸಹಜ. ಕೊಟ್ಟದ್ದನ್ನು ಕಣ್ಣಿಗೊತ್ತಿಕೊಳ್ಳುವ ಕಾಲ ಮುಗಿಯಿತು ಎಂಬುದು ಆ ನಿರಾಕರಣೆಯಿಂದ ತಿಳಿಯುವ ಮಾತು.

ಹೆಣ್ಣುಮಕ್ಕಳ ವಿಷಯ ಈ ಚರ್ಚೆಯಲ್ಲಿ ಹಿಂದೆ ಸರಿಯುತ್ತದೆ, ಸರಿಯಬಾರದು. ಬಹುಮಾನದ ಹಣ ಜನ ಸೇರುವ ಕಡೆ ಹರಿಯುತ್ತದೆ. ಅಮೆರಿಕದ ಹೊಸ ಹಂಚಿಕೆಯಲ್ಲೂ ಬಹುಪಾಲು ಪುರುಷರ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್‌ಗೇ ಹೋಗುತ್ತಿದೆ. ಈ ಸೀಮೆಯ ಜಾತ್ರೆ ಕುಸ್ತಿ, ಹೋರಿ ಹಬ್ಬ, ರಾತ್ರಿ ಕಬಡ್ಡಿ ಮೂರೂ ಬಹುಮಟ್ಟಿಗೆ ಗಂಡುಮಕ್ಕಳ ಕಣ. ಕಾಲೇಜಿನ ಅಂಕಣ ಬಿಟ್ಟರೆ ಹುಡುಗಿಗೆ ಆಡಲು ಬೇರೆ ಜಾಗವೇ ಇಲ್ಲದ ಊರುಗಳಿವೆ. ಹುಡುಗ ರಾತ್ರಿ ದುಡಿದಾದರೂ ತಂದುಕೊಂಡಾನು, ಅವಳಿಗೆ ಆ ದಾರಿಯೂ ಇಲ್ಲ. ಆದ್ದರಿಂದ ಕಾಲೇಜು ಕೊಡುವ ಭತ್ಯೆ ಪ್ರೇಕ್ಷಕರ ಸಂಖ್ಯೆಯನ್ನು ಅನುಸರಿಸದೆ ಅಭ್ಯಾಸದ ದಿನಗಳನ್ನು ಅನುಸರಿಸಬೇಕು, ಇಬ್ಬರಿಗೂ ಒಂದೇ ಇರಬೇಕು.

ಇಷ್ಟನ್ನು ಹಿಡಿದು ನೋಡಿದರೆ ಕೊಡಬೇಕಾದ್ದು ಮೂರು ಬಗೆ. ಸಂಬಳ ಸದ್ಯಕ್ಕೆ ಬೇಡ; ಪ್ರಸಾರದ ಹಣ ಬಂದ ದಿನ ಅದರ ಪಾಲು ಕೇಳುವ ಹಕ್ಕು ಆಟಗಾರನಿಗೆ ಇರಲಿ. ಹೊರಗಿನ ಪಂದ್ಯದಲ್ಲಿ ಗಳಿಸಿದ ಬಹುಮಾನಕ್ಕೆ ಕಾಲೇಜು ಅಡ್ಡ ಬರಬಾರದು. ತಂಡದ ಪಟ್ಟಿಗೆ ಹೆಸರು ಸೇರಿದ ದಿನದಿಂದ, ಪಂದ್ಯಕ್ಕೂ ಅಭ್ಯಾಸಕ್ಕೂ ಅನ್ವಯಿಸುವಂತೆ, ಅಪಘಾತ ವಿಮೆ ಇರಲೇಬೇಕು. ತಂಡವಾಗಿ ಮಾಡಿಸಿದರೆ ಅದರ ಕಂತು ಒಂದು ಜೊತೆ ಒಳ್ಳೆಯ ಬೂಟಿನ ಬೆಲೆಯನ್ನೂ ಮೀರದು. ಖುರಾಕು ಭತ್ಯೆ ಕೊನೆಯದು, ಮುಖ್ಯವಾದದ್ದು.

ಕಬಡ್ಡಿ ತಂಡಕ್ಕೆ 12 ಮಂದಿ. ಹುಡುಗ, ಹುಡುಗಿಯರ ಎರಡು ತಂಡವೆಂದರೆ 24. ತಲಾ ₹3,000ದಂತೆ ಆರು ತಿಂಗಳ ಹಂಗಾಮಿಗೆ ₹4.32 ಲಕ್ಷ. ವಿದ್ಯಾರ್ಥಿಗಳು ಪ್ರವೇಶದ ಹೊತ್ತಿಗೆ ಕಟ್ಟುವ ಕ್ರೀಡಾ ಶುಲ್ಕದಿಂದ ಸಣ್ಣ ಸರ್ಕಾರಿ ಕಾಲೇಜೊಂದು ಇದನ್ನು ತೂಗಿಸಲಾರದು. ಈ ಸೀಮೆಯಲ್ಲಿ ದತ್ತಿಗೆ ಬರವಿಲ್ಲ. ತೀರಿಕೊಂಡ ತಂದೆತಾಯಿಯ ಹೆಸರಿನಲ್ಲಿ ಉಪನ್ಯಾಸಕ್ಕೆ, ಹೆಚ್ಚು ಅಂಕ ಪಡೆದವರ ಬಹುಮಾನಕ್ಕೆ ಠೇವಣಿ ಇಡುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಒಬ್ಬ ಆಟಗಾರನ ಆರು ತಿಂಗಳ ಖುರಾಕು ₹18,000. ಶೇ 7ರ ಬಡ್ಡಿಯಲ್ಲಿ ₹2.60 ಲಕ್ಷದ ಠೇವಣಿ ಇದನ್ನು ವರ್ಷವರ್ಷವೂ ಹುಟ್ಟಿಸುತ್ತದೆ. ಬೆಲೆ ಏರಿದಂತೆ ಅಸಲಿಗೆ ಆಗಾಗ ಒಂದಿಷ್ಟು ಸೇರಿಸಬೇಕಾದೀತು. ಹಣ ತಂಡದ ವ್ಯವಸ್ಥಾಪಕರ ಕೈಗೆ ಹೋಗದೆ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ತಿಂಗಳ ಮೊದಲ ವಾರ ಜಮೆಯಾಗಬೇಕು. ಅಭ್ಯಾಸದ ಹಾಜರಿಯೇ ಷರತ್ತಾಗಿರಬೇಕು, ಗೆಲುವು ಆಗಬಾರದು. ಗಾಯಗೊಂಡು ಮನೆಯಲ್ಲಿ ಮಲಗಿದವನಿಗೂ ಆ ಹಂಗಾಮಿನ ಕೊನೆಯವರೆಗೆ ಅದು ನಿಲ್ಲಬಾರದು.